ಸಿಹಿಯ ಪೆಟ್ಟಿಗೆ, ತಣ್ಣಗಿನ ಹೀಟರ್

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಧಾರವಾಡದಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಗಂಗೂಬಾಯಿ ಹಂಪಿಹೊಳಿ ಮೇಡಂ. ಅವರು ಜಪಾನ್ ನೋಡಿದವರಲ್ಲ. ಹುಬ್ಬಳ್ಳಿಗೆ ಹೋದರೂ ಸಂಜೆಯೊಳಗೆ ಮನೆ ಸೇರುವವರು. ಆದರೂ ಈ ಕಥೆ ಹೇಳುವಾಗ ಅಲ್ಲಿನ ಚಳಿಗೆ ಇಲ್ಲೇ ಸೆರಗು ಹೊದ್ದುಕೊಳ್ಳುತ್ತಿದ್ದರು.

ಜಪಾನಿನ ಒಂದು ಬಂದರು ನಗರದಲ್ಲಿ ಕುವಬಾರಾ ಎಂಬ ಪತ್ರಕರ್ತೆ ಇದ್ದಳು. ದುಡಿದರೂ ಹೊಟ್ಟೆ ತುಂಬದವರ ಬಗ್ಗೆ ಪತ್ರಿಕೆಗೆ ಲೇಖನಮಾಲೆ ಬರೆಯುವುದು ಅವಳ ಕೆಲಸ. ಆ ಚಳಿಗಾಲ ನಗರಸಭೆಯವರು ಬಡ ಮಕ್ಕಳ ಶಾಲೆಯ ಊಟಕ್ಕೆ ಕೊಡುತ್ತಿದ್ದ ನೆರವು ನಿಲ್ಲಿಸಲು ಹೊರಟಿದ್ದರು. "ನಮ್ಮೂರಲ್ಲಿ ಬಡವರೆಲ್ಲಿದ್ದಾರೆ? ಮಕ್ಕಳೆಲ್ಲ ಇಸ್ತ್ರಿ ಬಟ್ಟೆಯಲ್ಲೇ ಬರುತ್ತಾರೆ" ಎಂಬುದು ಅವರ ವಾದ.

ಇದ್ದೇವೆ ಎನ್ನಲು ಬಡವರೂ ತಯಾರಿರಲಿಲ್ಲ. ಕುವಬಾರಾ ಬಾಗಿಲು ತಟ್ಟಿದರೆ, "ಕ್ಷಮಿಸಿ, ನಾವು ಚೆನ್ನಾಗಿದ್ದೇವೆ" ಎಂದು ಬಾಗಿ ನಮಸ್ಕರಿಸಿ, ಮೆಲ್ಲಗೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಕೊನೆಗೆ ಅವಳು ದೊಡ್ಡ ಅಂಗಡಿಯ ಸಿಹಿಯ ಪೆಟ್ಟಿಗೆ ಹಿಡಿದು ನಿಶಿಯೊ ಎಂಬಾಕೆಯ ಮನೆಗೆ ಹೋದಳು. ನಿಶಿಯೊಗೆ ಗಂಡನಿಲ್ಲ, ಒಬ್ಬಳೇ ಮಗಳು, ಕಾರ್ಖಾನೆಯಲ್ಲಿ ಊಟದ ಡಬ್ಬಿ ತುಂಬುವ ಕೆಲಸ. ಉಡುಗೊರೆ ತಂದವರ ಮುಖಕ್ಕೆ ಬಾಗಿಲು ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಹೊಸ್ತಿಲಲ್ಲೇ ಕೂತು ಹೇಳಿದಳು: "ಶಾಲೆಯ ಊಟ ನಿಂತರೆ ನನ್ನ ಮಗಳಿಗೆ ಮಧ್ಯಾಹ್ನದ ಊಟವೇ ಇಲ್ಲ. ಬರೀರಿ. ಹೆಸರು ಮಾತ್ರ ಬೇಡ."

ಕೆಲವೇ ದಿನಗಳಲ್ಲಿ ಪತ್ರಿಕೆಯ ಕಚೇರಿಗೆ ನಿಶಿಯೊ ಕಳಿಸಿದ ಒಂದು ಪೊಟ್ಟಣ ಬಂತು. ಅಂದದ ಕಾಗದದಲ್ಲಿ ಸುತ್ತಿದ ಒಳ್ಳೆಯ ಟವೆಲ್‌ಗಳು. ಅಲ್ಲಿನ ಪದ್ಧತಿಯೇ ಹಾಗೆ: ಉಡುಗೊರೆ ಬಂದರೆ ತಿರುಗಿ ಉಡುಗೊರೆ ಹೋಗಬೇಕು. ನಾವು ಪಕ್ಕದ ಮನೆಯ ಡಬ್ಬಿಯನ್ನು ಖಾಲಿ ಕಳಿಸುವುದಿಲ್ಲವಲ್ಲ, ಹಾಗೆ.

ಸಂಪಾದಕರು ನಕ್ಕರು. "ಕುವಬಾರಾ ಅವರೇ, ನಿಮ್ಮ ಬಡವಿ ನನಗಿಂತ ಒಳ್ಳೆಯ ಟವೆಲ್ ಕೊಳ್ಳುತ್ತಾಳೆ!"

ಕುವಬಾರಾ ಮತ್ತೆ ನಿಶಿಯೊ ಮನೆಗೆ ಓಡಿದಳು. ತಾಯಿ ಮಗಳು ಮನೆಯೊಳಗೇ ಕೋಟು ತೊಟ್ಟು ಕೂತಿದ್ದರು. ಮೂಲೆಯಲ್ಲಿ ಸೀಮೆಎಣ್ಣೆಯ ಹೀಟರ್ ತಣ್ಣಗಿತ್ತು.

"ಟವೆಲ್ ಯಾಕೆ ಕಳಿಸಿದಿರಿ?"

"ನೀವು ಕೊಟ್ಟಿರಲ್ಲ. ಸುಮ್ಮನಿರೋಕಾಗುತ್ತಾ?"

"ಮತ್ತೆ ಎಣ್ಣೆ?"

"ಆ ದುಡ್ಡು ಟವೆಲ್‌ಗೆ ಹೋಯ್ತು. ಇನ್ನು ಮುಂದಿನ ಸಂಬಳಕ್ಕೆ. ಕೋಟು ಇದೆಯಲ್ಲ, ಬಿಡಿ."

ಮಗಳು ಸೀನಿದಳು. "ಸಿಹಿ ತುಂಬ ಚೆನ್ನಾಗಿತ್ತು" ಎಂದಳು, ಮರ್ಯಾದೆಗೆ.

ಕುವಬಾರಾ ನಡೆದದ್ದನ್ನೆಲ್ಲ ಬರೆದಳು. ಸಂಪಾದಕರು ಓದಿ ಹೇಳಿದರು: "ಟವೆಲ್ ಬೇಡ. ಅಳುವ ತಾಯಿ ಸಾಕು. ಮೊದಲ ಪುಟ ಕೊಡುತ್ತೇನೆ."

"ಅವಳು ಅಳಲಿಲ್ಲ."

"ಸರಿ, ಟವೆಲ್ ಇರಲಿ. ನಿಮ್ಮ ಸಿಹಿ ಯಾಕೆ? ಬಡವರ ಹೀಟರ್ ಆರಿಸಿದ್ದು ನಮ್ಮ ಪತ್ರಿಕೆ ಅಂತ ನಾವೇ ಅಚ್ಚು ಹಾಕೋಣವೇ? ಆ ಸಾಲು ಇದ್ದರೆ ಈ ಲೇಖನಮಾಲೆ ನಿಮ್ಮ ಕೈಲಿ ಇರುವುದಿಲ್ಲ."

"ಆ ಸಾಲು ಬಿಟ್ಟರೆ ಅವಳು ಅನುಕೂಲಸ್ಥೆ ಅಂತಲೇ ಜನ ಓದುತ್ತಾರೆ" ಎಂದಳು ಕುವಬಾರಾ. "ಹೀಟರ್ ಆರಿಸಿದ್ದು ನಾನು. ಹಾಗಂತಲೇ ಇರಲಿ."

ಲೇಖನ ಒಳಪುಟದ ಮೂಲೆಯಲ್ಲಿ ಬಂತು. ಲೇಖನಮಾಲೆ ಬೇರೆಯವರ ಪಾಲಾಯಿತು. ಆದರೆ ಬಾಗಿಲು ಹಾಕಿಕೊಂಡಿದ್ದ ತಾಯಂದಿರು ಅದನ್ನು ಓದಿದರು. ಊಟದ ನೆರವಿನ ತೀರ್ಮಾನಕ್ಕೆ ನಗರಸಭೆ ಸೇರಿದ ದಿನ ಅವರೆಲ್ಲ ಬಂದರು, ಇಸ್ತ್ರಿ ಬಟ್ಟೆಯಲ್ಲೇ. ಒಬ್ಬಳು ಎದ್ದು, ಮಗನ ಸಮವಸ್ತ್ರಕ್ಕಾಗಿ ಕನ್ನಡಕ ಕೊಳ್ಳುವುದನ್ನೇ ಬಿಟ್ಟೆ ಎಂದಳು. ಇನ್ನೊಬ್ಬಳು, ನಾದಿನಿಯ ಮದುವೆಯ ಉಡುಗೊರೆಗಾಗಿ ಹಲ್ಲುನೋವು ನುಂಗಿಕೊಂಡೆ ಎಂದಳು. ನಿಶಿಯೊ ತನ್ನ ಹೆಸರು ತಾನೇ ಹೇಳಿ ನಿಂತಳು. ಅಧಿಕಾರಿಗಳು ನೆರವು ನಿಲ್ಲಿಸುವ ಮಾತನ್ನು ಬದಿಗಿಟ್ಟರು.

ಆ ವರ್ಷದ ಮಟ್ಟಿಗೆ ಮಕ್ಕಳ ಊಟ ಉಳಿಯಿತು. ಕುವಬಾರಾಗೆ ಮೊದಲ ಪುಟ ಬಹಳ ವರ್ಷ ಸಿಗಲಿಲ್ಲ. ಆದರೆ ಅವಳು ಬರಿಗೈಯಲ್ಲಿ ಹೋದರೂ ಬಾಗಿಲು ತೆರೆಯುವ ಮನೆಗಳು ಹೆಚ್ಚಾದವು.

ನೀತಿ: ಬಡತನವನ್ನು ಬಟ್ಟೆ ನೋಡಿ ಅಳೆಯಬೇಡಿ, ಆ ಮರ್ಯಾದೆ ಉಳಿಸಿಕೊಳ್ಳಲು ಮನೆಯವರು ಏನು ಬಿಟ್ಟರು ಎಂದು ಕೇಳಿ. ಪರರ ಕಷ್ಟದ ಸತ್ಯ ಹೇಳಹೊರಟವರು ಅದರಲ್ಲಿ ತಮ್ಮ ಪಾಲನ್ನೂ ಹೇಳಬೇಕು.

ಇದನ್ನು ಇನ್ನೊಬ್ಬರಿಗೆ ದಾಟಿಸಿ. ಮುಖ್ಯವಾಗಿ, "ಈಗ ಬಡವರೆಲ್ಲಿದ್ದಾರೆ?" ಎಂದು ಕೇಳುವವರಿಗೆ.