ನಾಲ್ಕನೆಯವನಾಗಲು ಹೊರಟ ಪಿಳ್ಳಪ್ಪ

ಒಂದು ಊರು. ಊರು ಅಂದರೆ, ಚಿನ್ನದ ಗಣಿ ಮುಚ್ಚಿದ ಮೇಲೆ ಉಳಿದುಕೊಂಡ ಊರು. ಅಲ್ಲಿ ಒಬ್ಬ ತಾಯಿ ಪಾಪಮ್ಮ, ಅವಳಿಗೊಬ್ಬ ಮಗ ಪಿಳ್ಳಪ್ಪ. ತಾಯಿ ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ಮಾರೋಳು. ಮಗ ಹೇಳಿದ್ದು ಮಾಡೋನು. ಹೇಳಿದ್ದನ್ನೇ ಮಾಡೋನು, ಅದೇ ತೊಂದರೆ! ನಾನು ಹೇಳೋದರಲ್ಲಿ ಒಂದು ಮಾತು ಸುಳ್ಳಾದರೂ ಆ ಗಣಿಯಲ್ಲಿ ಮತ್ತೆ ಚಿನ್ನ ಸಿಗಲಿ!

ಪಿಳ್ಳಪ್ಪನಿಗೆ ಮೀಸೆ ಬಂದು ಎಷ್ಟೋ ವರ್ಷವಾಗಿತ್ತು, ಜೊತೆಗಾರ ಮಾತ್ರ ಒಬ್ಬನೂ ಬಂದಿರಲಿಲ್ಲ. ಚಿನ್ನಿದಾಂಡು ಆಡುವಾಗ "ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂದರು. ಆಮೇಲೆ ಆಟಕ್ಕೂ ಇಲ್ಲ ಅಂದರು. ಸಂಜೆಯಾದರೆ ಗೋಡೆಗೆ ಚೆಂಡು ಎಸೆಯೋನು. ಗೋಡೆ ವಾಪಸ್ಸು ಕೊಟ್ಟರೆ "ಥ್ಯಾಂಕ್ಸ್ ಅಣ್ಣಾ" ಅನ್ನೋನು. ಪಾಪಮ್ಮ ನೋಡಿ ಸೆರಗು ಬಾಯಿಗೆ ತುರುಕಿಕೊಳ್ಳೋಳು. "ನಾನು ಕಣ್ಣು ಮುಚ್ಚಿದ ಮೇಲೆ ಇವನನ್ನ 'ಬಾರೋ' ಅಂತ ಕರೆಯೋರು ಯಾರಪ್ಪಾ!"

ಹೀಗಿರುವಾಗ ಪಟಾಕಿ ಅಂಗಡಿಯ ಕೂಪನ್ ಎತ್ತಿದರು. ಮೊದಲ ಬಹುಮಾನ ಗ್ರೈಂಡರು. ಪಾಪಮ್ಮನ ಕಣ್ಣೆಲ್ಲ ಅದರ ಮೇಲೆ. ಬಂದದ್ದು ಎರಡನೇ ಬಹುಮಾನ. ಒಂದು ಚೀಲದ ತುಂಬ ಮಿರಮಿರ ಮಿನುಗುವ ಗಾಲ್ಫ್ ಕೋಲು!

ಬಿಳಿ ದೊರೆಗಳು ಬಿಟ್ಟುಹೋದ ಗಾಲ್ಫ್ ಮೈದಾನ ಊರಾಚೆ ಇತ್ತು. ನಿವೃತ್ತ ಫೋರ್ಮನ್ ದೊರೈರಾಜು ಪ್ರತಿ ಭಾನುವಾರ ಅಲ್ಲಿ ಆಡೋರು. ಅವರ ನಾಲ್ಕು ಜನರ ಗುಂಪಿಗೆ ಆಗ ಒಬ್ಬ ಕಡಿಮೆ. ಪಾಪಮ್ಮ ಓಡಿದಳು.

"ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಮಗನನ್ನ ಸೇರಿಸ್ಕೊಳ್ಳಿ!"

"ನೋಡಮ್ಮಾ, ಹೊಸ ಕೋಲು ಕೈಗೆ ಹೊಂದಬೇಕು. ವಾರವೆಲ್ಲ ಬಂದು ಅಭ್ಯಾಸ ಮಾಡಲಿ. ಭಾನುವಾರ ನಾಲ್ಕನೆಯವನು ಇವನೇ."

ಪಿಳ್ಳಪ್ಪನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ನಾಲ್ಕನೆಯವನು! ಲೆಕ್ಕಕ್ಕೂ ಉಂಟು!

ಬೆಳಿಗ್ಗೆ ಮೈದಾನಕ್ಕೆ ಹೋದ. ಕೋಲು ಬೀಸಿದ. ಚೆಂಡು ಎಲ್ಲಿ ಹೋಯಿತು ಅಂತ ತಲೆ ಎತ್ತಿದ. ಚೆಂಡು ಕಾಲ ಬಳಿಯೇ ಇತ್ತು.

"ತಲೆ ಎತ್ತಬೇಡವೋ ಹೆಡ್ಡಾ!" ಅಂದರು ಫೋರ್ಮನ್. "ಏನೇ ಆಗಲಿ, ತಲೆ ಎತ್ತಬೇಡ!"

"ಆಗಲಿ ಸಾರ್."

ತಲೆ ತಗ್ಗಿಸಿಕೊಂಡೇ ಆಡಿದ, ತಲೆ ತಗ್ಗಿಸಿಕೊಂಡೇ ಮನೆಗೆ ಹೊರಟ. ಗಣಿ ಕಾಲೋನಿಯ ಮನೆಗಳೋ, ಹೊಸ್ತಿಲೆಲ್ಲ ಒಂದೇ ಥರ. ನೇರವಾಗಿ ಪಕ್ಕದ ಮನೆ ಅಡುಗೆಕೋಣೆಗೆ ನುಗ್ಗಿ, ತಟ್ಟೆ ಎಳೆದುಕೊಂಡು ಕೂತ. "ಅಮ್ಮಾ, ಮುದ್ದೆ ಹಾಕು!"

ಪಕ್ಕದ ಮನೆಯಾಕೆ ಕಿಟಾರನೆ ಕಿರುಚಿದಳು. ಪಾಪಮ್ಮ ಬಂದು ಕಿವಿ ಹಿಂಡಿದಳು.

"ನಿನ್ನ ಬುದ್ಧಿಗಿಷ್ಟು ಮಣ್ಣು ಹಾಕ! ಯಾರಾದರೂ ಇರೋ ಕಡೆ ಕಾಲಿಡೋ ಮುಂಚೆ 'ಯಾರ್ರೀ ಒಳಗೆ!' ಅಂತ ಜೋರಾಗಿ ಕೂಗಬೇಕು ಕಣೋ!"

"ಆಗಲಿ ಅಮ್ಮಾ."

ಮಾರನೇ ದಿನ ಫೋರ್ಮನ್ ಚೆಂಡು ಬೀಳಬೇಕಾದ ಕುಳಿಯ ಹತ್ತಿರ ಬಗ್ಗಿ, ಉಸಿರು ಹಿಡಿದು, ಚೆಂಡನ್ನು ಮೆಲ್ಲಗೆ ತಳ್ಳಬೇಕು, ಅಷ್ಟರಲ್ಲಿ ಅಲ್ಲಿ ಕಾಲಿಡುತ್ತಾ ಪಿಳ್ಳಪ್ಪ ಕೂಗಿದ. "ಯಾರ್ರೀ ಒಳಗೆ!"

ಚೆಂಡು ಹಾರಿ ಚರಂಡಿ ಸೇರಿತು. ಫೋರ್ಮನ್ ಟೋಪಿ ನೆಲಕ್ಕೆ ಬಡಿದರು. "ಒಬ್ಬರು ಕೋಲು ಎತ್ತಿದರೆ ಉಳಿದವರು ಕಲ್ಲಾಗಿ ನಿಲ್ಲಬೇಕು! ಬಾಯಿ ಬಿಡಬಾರದು, ಕೈ ಆಡಿಸಬಾರದು! ಗೊತ್ತಾಯ್ತಾ?"

"ಆಗಲಿ ಸಾರ್."

ಮನೆಗೆ ಬಂದರೆ ಬೀದಿನಾಯಿ ಒಳಗೆ ನುಗ್ಗಿದೆ, ಪಾಪಮ್ಮ ಕೋಲು ಎತ್ತಿದ್ದಾಳೆ. "ಪಿಳ್ಳಾ, ಹಿಟ್ಟಿನ ಪಾತ್ರೆ ಮುಚ್ಚೋ! ಮುಚ್ಚೋ!"

ಪಿಳ್ಳಪ್ಪ ಕಲ್ಲು. ನಾಯಿ ಹಿಟ್ಟನ್ನೆಲ್ಲ ನೆಕ್ಕಿ, ಕಲ್ಲನ್ನೂ ಒಂದು ಸಲ ಮೂಸಿ ಹೋಯಿತು.

"ಅಯ್ಯೋ ನನ್ನ ಕರ್ಮವೇ! ನಾಳೆ ಏನನ್ನೋ ಮಾರಲಿ? ಬಾಯಿ ತೆರೆದ ಪಾತ್ರೆ ಕಡೆ ಏನಾದರೂ ಬಂತು ಅಂದರೆ ಓಡಿಹೋಗಿ ಮುಚ್ಚಬೇಕು!"

"ಆಗಲಿ ಅಮ್ಮಾ."

ಶನಿವಾರ ಬಂತು, ಅಭ್ಯಾಸದ ಕೊನೆಯ ದಿನ. ಆ ಮೈದಾನದಲ್ಲಿ ಹುಲ್ಲು ಬೆಳೆಯೋದಿಲ್ಲ. ಕುಳಿಯ ಸುತ್ತ ಎಣ್ಣೆ ಕಲಸಿದ ಮರಳನ್ನು ನುಣ್ಣಗೆ ಹಾಸಿರುತ್ತಾರೆ. ಫೋರ್ಮನ್ ತಳ್ಳಿದ ಚೆಂಡು ಆ ಮರಳಿನ ಮೇಲೆ ಉರುಳುತ್ತಾ ಉರುಳುತ್ತಾ ಕುಳಿಯ ಬಾಯಿಗೆ ಬಂತು. ಪಿಳ್ಳಪ್ಪ ಧಡಧಡ ಓಡಿದ. ಕುಳಿಯ ಮೇಲೆ ಕುಂಡಿ ಊರಿ ಕೂತೇಬಿಟ್ಟ!

"ಹೆದರಬೇಡಿ ಸಾರ್! ಒಳಗೆ ಹೋಗೋಕೆ ಬಿಡಲಿಲ್ಲ!"

ಫೋರ್ಮನ್ ಅವನನ್ನು ಎಬ್ಬಿಸಿ ನೋಡಿದರು. ನುಣುಪಾದ ಮರಳಿನ ತುಂಬ ಪಿಳ್ಳಪ್ಪನ ಪಾದ. ಒಂದು ಗೋಣಿಚೀಲ ಅವನ ಕೈಗೆ ಕೊಟ್ಟರು. "ಇದನ್ನ ಎಳೆದು ಗುರುತೆಲ್ಲ ಅಳಿಸು. ಈ ಆಟದಲ್ಲಿ ತನ್ನ ಹೆಜ್ಜೆ ತಾನೇ ಅಳಿಸಬೇಕು. ನೀನು ಬಂದಿದ್ದೆ ಅಂತಲೇ ಯಾರಿಗೂ ಗೊತ್ತಾಗಬಾರದು. ಇದೊಂದು ಸರಿಯಾಗಿ ಮಾಡು, ನಾಳೆ ಆಡೋಣ."

"ಆಗಲಿ ಸಾರ್!"

ಭಾನುವಾರ ಪಾಪಮ್ಮ ಮಗನ ಹಣೆಗೆ ಕುಂಕುಮ, ಕೋಲುಗಳಿಗೂ ಕುಂಕುಮ ಇಟ್ಟು ಬಸ್‌ಸ್ಟ್ಯಾಂಡಿಗೆ ಹೋದಳು. ಪಿಳ್ಳಪ್ಪ ಎಲ್ಲರಿಗಿಂತ ಮುಂಚೆ ಮೈದಾನ ಮುಟ್ಟಿದ. ಚೀಲ ಇಳಿಸಿ, ಯಾರಾದರೂ ಬಂದರಾ ಅಂತ ಹಿಂದಕ್ಕೆ ತಿರುಗಿದ.

ಅಯ್ಯೋ! ಗಣಿಯ ಬೂದುಮಣ್ಣು ಸುರಿದ ದಿಬ್ಬದ ಹಿಂದಿನ ದಾರಿಯ ಧೂಳಲ್ಲಿ ಸಾಲು ಹಿಡಿದು ಹೆಜ್ಜೆ. ಎಲ್ಲ ಇವನದೇ. ಆ ದಾರಿಯಲ್ಲಿ ಬೇರೆ ಯಾರಿದ್ದಾರೆ ನಡೆಯೋಕೆ!

ಚೀಲ ಮತ್ತೆ ಹೆಗಲಿಗೇರಿಸಿದ. ಗೋಣಿ ಎಳೆಯುತ್ತಾ, ಎಳೆಯುತ್ತಾ, ಮನೆ ಬಾಗಿಲವರೆಗೂ ಅಳಿಸಿದ. ಮತ್ತೆ ಹೊರಟ. ಮೈದಾನ ಕಾಣುತ್ತಲೇ ತಿರುಗಿದ. ಹೆಜ್ಜೆ! ಮತ್ತೆ ಅಳಿಸುತ್ತಾ ಮನೆಗೆ. ಮತ್ತೆ ಹೊರಟ. ಮತ್ತೆ ಹೆಜ್ಜೆ! ದಿಬ್ಬದ ಆಚೆಯಿಂದ ಒಮ್ಮೆ "ಪಿಳ್ಳಪ್ಪಾ, ಬಾರೋ!" ಅನ್ನೋ ಕೂಗು ಕೇಳಿತು. ಅವನನ್ನು ಆಟಕ್ಕೆ ಕರೆದ ಮೊದಲ ಕೂಗು. ಓಗೊಟ್ಟರೆ ಬಂದದ್ದು ಗೊತ್ತಾಗಿಬಿಡುತ್ತದಲ್ಲ! ಬಾಯಿಗೆ ಗೋಣಿ ಒತ್ತಿಕೊಂಡು ನಿಂತ. ಆಮೇಲೆ ಕೂಗು ನಿಂತಿತು. ಚೆಂಡಿನ ಸದ್ದು, ನಗು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ಸಂಜೆ ಫೋರ್ಮನ್ ಮನೆಗೇ ಬಂದರು. ಪಾಪಮ್ಮ ಬಾಗಿಲಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಪಿಳ್ಳಪ್ಪ ತಲೆಯಿಂದ ಕಾಲವರೆಗೂ ಧೂಳು.

"ಎಲ್ಲಿ ಹಾಳಾಗಿ ಹೋಗಿದ್ದೆಯೋ? ನಿನಗೋಸ್ಕರ ಮೂರು ಜನ ಬಿಸಿಲಲ್ಲಿ ಕಾದೆವು! ಕೂಗಿ ಕೂಗಿ ಗಂಟಲು ಹೋಯಿತು! ದಾರಿಯುದ್ದಕ್ಕೂ ನೋಡಿದೆ, ನಿನ್ನದೊಂದು ಹೆಜ್ಜೆ ಗುರುತೂ ಇಲ್ಲ!"

ಪಿಳ್ಳಪ್ಪನ ಮುಖ ಅರಳಿತು. "ಒಂದೂ ಇರಲಿಲ್ವಾ ಸಾರ್?"

"ಒಂದೂ ಇರಲಿಲ್ಲ!"

"ನಾನು ಬಂದಿದ್ದು ಯಾರಿಗೂ ಗೊತ್ತಾಗಲಿಲ್ವಾ ಸಾರ್?"

"ಯಾರಿಗೂ ಇಲ್ಲ!"

ಪಿಳ್ಳಪ್ಪ ಅಮ್ಮನ ಎರಡೂ ಕೈ ಹಿಡಿದು ಕುಣಿದ. "ಕೇಳಿದೆಯಾ ಅಮ್ಮಾ! ಸಾರ್, ಹಾಗಾದರೆ ಮುಂದಿನ ಭಾನುವಾರವೂ ಹೀಗೇ ಬರ್ತೀನಿ!"