ಕೆರೆಗೆ ಬಾಣಂತನ ಮಾಡಿದ ನಿಂಗಾಜಮ್ಮ

ಏಳು ಊರಿಗೆ ಒಂದೇ ಕೆರೆಯಿದ್ದ ಕಾಲವಂತೆ. ಆ ಕೆರೆಯ ದಂಡೆಯಲ್ಲೊಂದು ಬೆಸ್ತರ ಊರು. ಆ ಊರಲ್ಲಿ ನಿಂಗಾಜಮ್ಮ ಅಂತ ಒಬ್ಬಳು ಸೂಲಗಿತ್ತಿ. ಅವಳ ಕೈಗೆ ಬಂದ ಕೂಸು ಅಳುವ ಮೊದಲೇ ನಗುತ್ತಿತ್ತಂತೆ.

ಮಳೆ ಹಿಡಿದು ಹೊಸ ನೀರು ಬಂತೆಂದರೆ ಊರಿಗೆಲ್ಲ ಬಲೆ ಇಳಿಸುವ ಆತುರ. ಆದರೆ ಮೀನು ಮೊಟ್ಟೆ ಇಡುವ ಮೊದಲು ಬಲೆ ಇಳಿಸುವ ಹಾಗಿಲ್ಲ; ಇಟ್ಟವೋ ಇಲ್ಲವೋ ತಿಳಿಯಬೇಕಲ್ಲ? ಅದಕ್ಕೆ ಯಜಮಾನ ದೊಡ್ಡತಮ್ಮಯ್ಯ ದಿನಾ ಒಂದು ಕುಕ್ಕೆ ಗೆಂಡೆಮೀನು ಹಿಡಿಸಿ, ಹೊಟ್ಟೆ ಸೀಳಿ ನೋಡುತ್ತಿದ್ದನಂತೆ. ನೋಡಿ ನೋಡಿಯೇ ತಾಯಿಮೀನು ಖಾಲಿಯಾದವು. ವರ್ಷದಿಂದ ವರ್ಷಕ್ಕೆ ಬಲೆ ಹಗುರವಾಯಿತು.

ಒಂದು ವರ್ಷ ಅವನು ಚೂರಿ ಮಸೆಯುತ್ತಾ ಕೂತಿದ್ದಾಗ ನಿಂಗಾಜಮ್ಮ ಬಂದವಳೇ ಕುಕ್ಕೆ ಎತ್ತಿ ಮೀನನ್ನೆಲ್ಲ ಕೆರೆಗೆ ಸುರಿದುಬಿಟ್ಟಳಂತೆ.

"ಇದೇನಕ್ಕ ಮಾಡ್ದೆ!"

"ನೀನು ಹುಟ್ಟೋವಾಗ ನಾನು ನಿಮ್ಮವ್ವನ ಹೊಟ್ಟೆ ಬಗೆದು ನೋಡಿದ್ನಾ ತಮ್ಮಯ್ಯ? ಹೊರಗಿಂದ್ಲೇ ತಿಳ್ಕೊಂಡೆ. ಎಂಟು ದಿನ ಕೊಡು, ಇವಕ್ಕೂ ಹಂಗೇ ತಿಳ್ಕೊತೀನಿ."

ದಂಡೆಯಲ್ಲಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಯಜಮಾನ ಮುಖ ಕೆಂಪಗೆ ಮಾಡಿಕೊಂಡು, ಎಂಟೇ ದಿನ, ಆಮೇಲೆ ನನ್ನ ಚೂರಿಯೇ ಅಂದನಂತೆ.

ಗೆಂಡೆಯ ಮೊಟ್ಟೆ ಅಂಟು ಮೊಟ್ಟೆ, ಸಿಕ್ಕಿದ್ದಕ್ಕೆ ಕಚ್ಚಿಕೊಳ್ಳುತ್ತೆ ಅಂತ ಬಟ್ಟೆ ಒಗೆಯುವಾಗ ಅವಳು ಕಂಡಿದ್ದಳು. ಮನೆಮನೆಯಿಂದ ತೆಂಗಿನನಾರು ಬೇಡಿ ತಂದು ಕುಚ್ಚು ಕಟ್ಟಿದಳು. ಜೊಂಡಿನ ಅಂಚಿಗೆ ಗೂಟ ಹೊಡೆದು, ಕುಚ್ಚುಗಳನ್ನು ನೀರಿಗೆ ಇಳಿಬಿಟ್ಟಳು. ದಿನಾ ಬೆಳಗ್ಗೆ ಒಂದು ಕುಚ್ಚನ್ನು ನೀರಿನ ಸಮೇತ ಕಂಚಿನ ಬಟ್ಟಲಲ್ಲಿ ಎತ್ತಿ ನೋಡುವಳು, ಮೆಲ್ಲಗೆ ಮತ್ತೆ ಬಿಡುವಳು. ಒಂದು ದಿನ, ಎರಡು ದಿನ, ಆರು ದಿನ. ಬರೀ ಪಾಚಿ. ಕೆರೆಗೆ ಜಡೆ ಹೆಣೀತಾಳೆ ಅಂತ ಊರು ನಕ್ಕಿತಂತೆ. ಅವಳೂ ನಕ್ಕಳಂತೆ. ಆದರೆ ಏಳನೇ ದಿನ ಸಂಜೆಯೂ ಒಮ್ಮೆ ಬಟ್ಟಲು ಹಿಡಿದು ಹೋಗಿ ನೋಡಿದಳಂತೆ.

ಎಂಟನೇ ಬೆಳಗ್ಗೆ ಬಟ್ಟಲೆತ್ತಿದರೆ ಕುಚ್ಚಿನ ತುಂಬ ರಾಗಿಕಾಳಿನಂಥ ಮೊಟ್ಟೆ! ಅವಳ ಕೂಗು ಏಳೂರಿಗೂ ಕೇಳಿಸಿತಂತೆ. ಯಜಮಾನ ಓಡಿಬಂದು ಮಂಡಿಯೂರಿ ಬಗ್ಗಿ ನೋಡಿದ.

"ಮಿಸುಕ್ತವೆ ಅಕ್ಕ!" ಅಂದ. ಆಮೇಲೆ ಮೆಲ್ಲಗೆ, "ಈಗ ಬಲೆ ಇಳಿಸ್ಲಾ?"

"ಹೆತ್ತ ಮನೆಗೆ ಅವತ್ತೇ ನುಗ್ತಾರೇನೋ? ಬಾಣಂತನ ಮುಗೀಲಿ!"

ಮರಿಗಳು ಬೆರಳುದ್ದ ಆಗುವವರೆಗೂ ಕೆರೆಗೆ ಯಾರೂ ಬಲೆ ಇಳಿಸಲಿಲ್ಲ. ಮರುವರ್ಷದ ಬಲೆ ಎಳೆಯಲು ಹನ್ನೆರಡು ಆಳು ಬೇಕಾಯಿತಂತೆ. ಇಪ್ಪತ್ತು ಅನ್ನುವವರೂ ಇದ್ದಾರೆ.

ಇವತ್ತಿಗೂ ಆ ದಂಡೆಯವರು ಮೊಟ್ಟೆ ಕಂಡ ದಿನ ಬಲೆ ಮಡಿಸಿ ಅಟ್ಟಕ್ಕೆ ಹಾಕುತ್ತಾರೆ. ಬಾಣಂತಿಗೆ ಕೊಡುವ ಅಂಟಿನುಂಡೆ ಕಟ್ಟಿ ಮನೆಮನೆಗೂ ಹಂಚುತ್ತಾರೆ. ತಾಯಿಮೀನಿನ ಹೊಟ್ಟೆ ಸೀಳಿದ್ದು ಗಂಡಸರ ಕೈಯಲ್ಲವೇ, ಅದಕ್ಕೆ ಉಂಡೆಯನ್ನು ಅವರೇ ಕಟ್ಟಬೇಕು. ಕಲ್ಲಿನಂತಾದರೂ ಹೆಂಗಸರು ಕಟಕಟ ಕಡಿದು, ನಗುತ್ತಾ ತಿನ್ನುತ್ತಾರೆ.