ಎಸೆಯದೆ ಉಳಿದ ಅಲಗು

ಪ್ರಯೋಗಾಲಯದ ಅಲಗು ಒಬ್ಬ ರೋಗಿಯ ಗಡ್ಡೆಯ ಚೂರಿದ್ದ ಮೇಣದ ಅಚ್ಚನ್ನು ತೆಳುವಾಗಿ ಕೊಯ್ದು, ತನ್ನನ್ನು ಎಸೆಯುವುದನ್ನೇ ಕಾಯುತ್ತಿತ್ತು. ಒಂದು ಅಲಗಿಗೆ ಒಂದೇ ಅಚ್ಚು ಎಂಬುದು ಅಲ್ಲಿನ ನಿಯಮ. ಆದರೆ ಅಂದು ಆಯುಧಪೂಜೆ. ಬೆಳಿಗ್ಗೆ ಕೊಯ್ಯುವ ಯಂತ್ರಕ್ಕೆ ಕುಂಕುಮವಿಟ್ಟಿದ್ದ ತಂತ್ರಜ್ಞೆ ಪಂಕಜಾಕ್ಷಿ, "ಇವತ್ತಿನ ದಿನ ನಿನ್ನನ್ನ ಹೇಗೆ ಬಿಸಾಡಲಿ ತಾಯಿ?" ಎಂದು ಅಲಗನ್ನು ಒರೆಸಿ ಅಲ್ಲೇ ಬಿಟ್ಟಳು.

ಅಷ್ಟರಲ್ಲಿ ಎದುರಿಗೆ ಇನ್ನೊಂದು ಅಚ್ಚು ಬಂದು ಕೂತಿತು. ಅದರೊಳಗಿನ ಚೂರು ಕಡಲೆಬೇಳೆಗಿಂತ ಚಿಕ್ಕದು.

"ನನಗಿಂತ ಮುಂಚೆ ಯಾರನ್ನು ಕೊಯ್ದಿರಿ?" ಎಂದು ಅಚ್ಚು ಕೇಳಿತು.

"ಯಾರನ್ನೋ. ಈಗ ಒರೆಸಿದ್ದಾರೆ. ಪೂಜೆಯೂ ಆಗಿದೆ."

"ಪೂಜೆ ಇರಲಿ ಅಲಗಕ್ಕ, ಶುದ್ಧವಾಗಿದ್ದೀರಾ?"

ಅಲಗು ತನ್ನ ಅಂಚನ್ನು ನೋಡಿಕೊಂಡಿತು. "ಫಳಫಳ ಅನ್ನುತ್ತಿದ್ದೇನಲ್ಲ!"

"ನಾನು ಕೇಳಿದ್ದು ಅದನ್ನಲ್ಲ. ನನ್ನೊಳಗಿರುವುದು ಸುಗುಣಮ್ಮನ ಗಡ್ಡೆಯ ಚೂರು; ಅವರಿಗೆ ಯಾವ ಔಷಧಿ ಕೊಡಬೇಕೆಂದು ನನ್ನಿಂದಲೇ ತಿಳಿಯಬೇಕು. ನನ್ನ ಜೊತೆ ಇನ್ನೊಬ್ಬರು ಸೇರಿದರೆ ನಾನು ಯಾರೆಂದು ಹೇಳಲಿ?"

ಅಷ್ಟರಲ್ಲಿ ಯಂತ್ರದ ಚಕ್ರ ತಿರುಗಿತು; ಆ ಪುಟ್ಟ ಚೂರು ಪದರ ಪದರವಾಗಿ ಪರೀಕ್ಷೆಗೆ ಹೋಯಿತು.

ಹತ್ತು ದಿನಗಳ ಮೇಲೆ, ಕಸದ ಡಬ್ಬಿಯಲ್ಲಿದ್ದ ಅಲಗಿಗೆ ಪಂಕಜಾಕ್ಷಿಯ ದನಿ ಕೇಳಿಸಿತು. "ಸಾರ್, ಸುಗುಣಮ್ಮನ ಚೂರಿನಲ್ಲಿ ಇಬ್ಬರ ಡಿಎನ್‌ಎ ಇದೆಯಂತೆ. ಇನ್ನೊಮ್ಮೆ ಕೊಯ್ದು ಕಳಿಸಬೇಕಂತೆ."

ಇಬ್ಬರು ಹೇಗಾದರು? ಒರೆಸಿದ್ದರಲ್ಲ, ಪೂಜೆಯಾಗಿತ್ತಲ್ಲ ಎಂದು ಅಲಗು ತಲೆಕೆಡಿಸಿಕೊಂಡಿತು.

ಪಂಕಜಾಕ್ಷಿ ಹೊಸ ಅಲಗು ಸಿಕ್ಕಿಸಿ, ಕಪಾಟಿನಿಂದ ಆ ಅಚ್ಚನ್ನು ತೆಗೆದು ಬೆಳಕಿಗೆ ಹಿಡಿದಳು.

ಅದರಲ್ಲಿ ಮೇಣ ಮಾತ್ರ ಇತ್ತು.